ಕನ್ನಡಕ್ಕಿಟ್ಟ ಸೀಟು

ಆ ಭಾನುವಾರ ನಮ್ಮ ಮನೆಯಲ್ಲಿ ಮಾವಿನಹಣ್ಣಿನ ಸೀಕರಣಿ ಮಾಡಿದ್ದೆ. ಹಣ್ಣು ಹಿಂಡುವ ಕೆಲಸ ನನ್ನ ಗಂಡನದು. ಬನಿಯನ್ನಿನ ಮೇಲೆ ಟವೆಲ್ ಹಾಕಿಕೊಂಡು, ಮೊಣಕೈವರೆಗೆ ರಸ ಇಳಿಸಿಕೊಂಡು ಅಡುಗೆಮನೆಯ ನೆಲದ ಮೇಲೆ ಕೂತಿದ್ದರು. ವಡೋದರಾ ಹತ್ತಿರದ ಕೊಯಾಲಿಯ ಕಡೆ ಕಾರ್ಖಾನೆಗಳಿಗೆ ಪೈಪು ಕೂಡಿಸುವ ಒಂದು ಠೇಕೇದಾರ ಕಂಪನಿಯಲ್ಲಿ ಅವರು ವೆಲ್ಡಿಂಗ್ ಸೂಪರ್‌ವೈಸರ್. ವಾರದ ರಜೆಯಲ್ಲಿ ಅರ್ಧ ದಿನ ಮಲಗಿಯೇ ಕಳೆಯುವ ಮನುಷ್ಯ, ಅವತ್ತು ಮಲಗಿರಲಿಲ್ಲ. ಮಗಳ ಹನ್ನೆರಡನೆಯ ಕ್ಲಾಸಿನ ಫಲಿತಾಂಶ ಬಂದು ಮನೆಯಲ್ಲಿ ಅದೇ ಮಾತು ನಡೆದಿತ್ತು.

ಅವಳಿಗೆ ಫಾರ್ಮಸಿ ಓದುವ ಆಸೆ. ಅಂಕಗಳು ಚೆನ್ನಾಗಿದ್ದವು, ಆದರೆ ಸರಕಾರಿ ಕಾಲೇಜಿನಲ್ಲಿ ಸೀಟು ಸಿಗುವಷ್ಟು ಇರಲಿಲ್ಲ. ಖಾಸಗಿ ಕಾಲೇಜಿನ ಫೀ ನಮ್ಮ ಕೈಗೆ ಮೀರಿದ್ದು. ಬುದ್ಧಿವಂತ ಮಕ್ಕಳಿಗೆ ಸರಕಾರ ಕೊಡುವ ಮೆರಿಟ್ ಸ್ಕಾಲರ್‌ಶಿಪ್ ಒಂದಿತ್ತು. ಅದಕ್ಕೆ ಅವಳ ಅಂಕ ಸಾಕಾಗುತ್ತಿತ್ತು. ಅಡ್ಡಿ ಬಂದದ್ದು ಅವಳ ಅಪ್ಪನ ಸಂಬಳ. ಓವರ್‌ಟೈಮ್ ಸೇರಿ ಅದು ಸರಕಾರ ಹಾಕಿದ ಮಿತಿಯನ್ನು ಸ್ವಲ್ಪವೇ ದಾಟುತ್ತಿತ್ತು.

"ನಿನ್ನ ಮಾರ್ಕ್ಸಿಗೆ ಏನೂ ಆಗಿಲ್ಲವ್ವಾ. ನನ್ನ ಪಗಾರ ಜಾಸ್ತಿ ಆಗೇದ," ಎಂದರು.

"ತೋ ಪಗಾರ್ ಓಛೋ ಕರಾವೋ ನೇ, ಪಪ್ಪಾ," ಎಂದಳು. ಹಾಗಿದ್ದರೆ ಸಂಬಳ ಕಡಿಮೆ ಮಾಡಿಸಿಕೊಳ್ಳಿ ಎಂದು.

"ನಮ್ಮ ಠೇಕೇದಾರನ ಮುಂದ ಈ ಮಾತು ಆಡಬ್ಯಾಡ. ಇವತ್ತ ಮಾಡಿಬಿಟ್ಟಾನು."

ಅಪ್ಪ ಮಗಳು ಯಾವಾಗಲೂ ಹೀಗೆಯೇ ಮಾತಾಡುತ್ತಿದ್ದರು. ಅವರು ಕನ್ನಡದಲ್ಲಿ ಕೇಳುವರು, ಅವಳು ಗುಜರಾತಿಯಲ್ಲೋ ಹಿಂದಿಯಲ್ಲೋ ಉತ್ತರ ಕೊಡುವಳು. ಇಬ್ಬರಿಗೂ ಪೂರ್ತಿ ಅರ್ಥವಾಗುತ್ತಿತ್ತು. ನಾನು ಮೂರನ್ನೂ ಬೆರೆಸಿ ಹೇಗೋ ಸಾಗಿಸುತ್ತಿದ್ದೆ. ಅವಳು ಹುಟ್ಟಿದ್ದು, ಬೆಳೆದದ್ದು ಎಲ್ಲಾ ವಡೋದರಾದ ಈ ಗೋರ್ವಾದಲ್ಲಿಯೇ. ಇದೊಂದು ಕೊರತೆ ಎಂದು ನಮಗೆ ಅನ್ನಿಸಿರಲೇ ಇಲ್ಲ.

ಅಹಮದಾಬಾದಿನಲ್ಲಿ ಒಂದು ಫಾರ್ಮಸಿ ಕಾಲೇಜು ಇದೆಯೆಂದು ನಮಗೆ ಹೇಳಿದವರು ಅದೇ ಊರಿನ ಚಾಂದ್‌ಖೇಡಾದಲ್ಲಿರುವ ಒಬ್ಬ ಹಿರಿಯರು. ಮೈಸೂರಿನ ಕಡೆಯವರು, ನೌಕರಿಯಿಂದ ನಿವೃತ್ತರಾಗಿ ಅಲ್ಲಿಯ ಕನ್ನಡ ಸಂಘದ ಕೆಲಸ ನೋಡುತ್ತಿದ್ದರು. ಆ ಕಾಲೇಜನ್ನು ದಕ್ಷಿಣದ ಭಾಷೆಗಳ ಜನ ಸೇರಿ ಕಟ್ಟಿದ ಟ್ರಸ್ಟು ನಡೆಸುತ್ತದೆ. ಗುಜರಾತಿನಲ್ಲಿ ಆ ಭಾಷೆಗಳವರು ಅಲ್ಪಸಂಖ್ಯಾತರು ಎಂದು ಕೆಲವು ಸೀಟುಗಳನ್ನು ಕಡಿಮೆ ಫೀಯಲ್ಲಿ ಅವರ ಮಕ್ಕಳಿಗೇ ಇಟ್ಟಿದ್ದಾರೆ. ನನ್ನ ಗಂಡನಿಗೆ ಇದು ಹಿಡಿಸಲಿಲ್ಲ.

"ಹರೇದಾಗ ಬಂದು ಇಲ್ಲೇ ದುಡದೇನಿ. ಈಗ ನಾ ಇಲ್ಲ್ಯಾಂವ ಅಲ್ಲ ಅಂತ ಬರಕೊಟ್ಟು ಸೀಟು ಬೇಡಲೇನು? ಪಿ.ಎಫ್. ಅದ, ತಗದು ತುಂಬತೀನಿ. ಅಲ್ಲದ ಈಕಿ ಬಾಯಾಗ ಕನ್ನಡ ಎಲ್ಲೆದ?"

"ಛೇ ನೇ! ಆತಾ ಹೈ ಮುಝೇ," ಎಂದಳು, ಇದೆಯಲ್ಲ, ನನಗೆ ಬರುತ್ತದೆ ಎಂದು. ಬೆರಳು ಮಡಚುತ್ತ ಎಣಿಸಿದಳು. "ಊಟ ಆತಾ. ಬಾಗಲಾ ಹಾಕು. ಲೈಟ್ ಯಾಕ ಹಚ್ಚಿ."

"ಇವು ಮೂರೂ ನಾ ಬೈಯೋ ಮಾತು," ಎಂದು ಅವರು ನಕ್ಕರು. ನಾನೂ ನಕ್ಕೆ. ಸೀಕರಣಿಗೆ ಏಲಕ್ಕಿ ಹಾಕುವುದನ್ನು ಮರೆತು, ಊಟದ ನಡುವೆ ಎದ್ದು ಹಾಕಿದೆ.

ಮರುದಿನ ಬೆಳಿಗ್ಗೆ ಮೊದಲ ಪಾಳಿಗೆ ಹೊರಟವರು ಕಂಪನಿಯ ಬಸ್ಸು ಬರುವ ಜಾಗದಲ್ಲಿ ಎದೆ ಹಿಡಿದುಕೊಂಡು ಕೂತರಂತೆ. ಜೊತೆಯವರು ರಿಕ್ಷಾದಲ್ಲಿ ಆಸ್ಪತ್ರೆಗೆ ಒಯ್ದರು. ನಾನು ಹೋಗಿ ಮುಟ್ಟುವಷ್ಟರಲ್ಲಿ ಎಲ್ಲ ಮುಗಿದಿತ್ತು. ಜೊತೆಯವನೊಬ್ಬ ಅವರ ಚಪ್ಪಲಿ ಮತ್ತು ಬುತ್ತಿಯ ಡಬ್ಬಿ ಎರಡನ್ನೂ ಒಂದೇ ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ ನನ್ನ ಕೈಗೆ ಕೊಟ್ಟ. ಅನ್ನದ ಡಬ್ಬಿಯ ಜೊತೆ ಚಪ್ಪಲಿ ಯಾಕೆ ಹಾಕಿದ ಎಂದು ನನಗೆ ಸಿಟ್ಟು ಬಂತು. ಅವತ್ತು ನನಗೆ ಸರಿಯಾಗಿ ನೆನಪಿರುವುದು ಆ ಸಿಟ್ಟು ಒಂದೇ.

ಬಾಗಲಕೋಟೆಯ ಕಡೆಯಿಂದ ಅವರ ಅಕ್ಕ ಬಂದರು. ತಮ್ಮನನ್ನು ಎತ್ತಿ ಆಡಿಸಿ ಬೆಳೆಸಿದವರು. ಮೆಟ್ಟಿಲು ಹತ್ತುವಾಗಲೇ ಅವರ ದನಿ ಕೇಳಿಸಿತು. ನಮ್ಮ ಕಡೆ ಹೆಂಗಸರು ಸತ್ತವರನ್ನು ಕರೆದು, ಮಾತಾಡಿಸಿ, ಬೈದು ಅಳುತ್ತಾರೆ. ಹಾಡಿ ಅಳುವುದು ಎನ್ನುತ್ತೇವೆ. ಅಕ್ಕ ಅದರಲ್ಲಿ ಪಳಗಿದವರು.

"ಯಪ್ಪಾ ನನ್ನ ತಮ್ಮಾ, ಡ್ಯೂಟಿಗಂತ ಹೋದಾಂವ ಎಲ್ಲಿ ಹೋಗಿ ಕುಂತ್ಯೋ! ಕಟ್ಟಿಕೊಟ್ಟ ಬುತ್ತಿ ಬಿಚ್ಚಿ ಉಣಲಿಲ್ಲೋ! ಬಾಯಿಲ್ಲದ ಹೆಂಡತಿ, ರೆಕ್ಕಿ ಬಲೀದ ಮಗಳು, ಇವರನ ಪರದೇಶಿ ಮಾಡಿ ಹೋದ್ಯೋ ನನ್ನಪ್ಪಾ!"

ಗೋರ್ವಾದ ನಮ್ಮ ಸೊಸೈಟಿಯಲ್ಲಿ ಹೀಗೆ ಅಳುವುದಿಲ್ಲ. ಇಲ್ಲಿ ಬೇಸಣೂ ಎಂದು ಮಾಡುತ್ತಾರೆ. ಸಂಜೆ ಗೊತ್ತುಮಾಡಿದ ಹೊತ್ತಿಗೆ ಬಿಳಿ ಬಟ್ಟೆ ಉಟ್ಟ ಜನ ಬಂದು, ಫೋಟೋಕ್ಕೆ ಹೂವು ಏರಿಸಿ, ಸ್ವಲ್ಪ ಹೊತ್ತು ಸುಮ್ಮನೆ ಕೂತು, ಕೈ ಮುಗಿದು ಎದ್ದು ಹೋಗುತ್ತಾರೆ. ನಮ್ಮ ಮನೆಯ ಬೇಸಣೂವನ್ನೂ ನೆರೆಯವರೇ ನಿಂತು ಏರ್ಪಡಿಸಿದರು. ಅಷ್ಟು ಜನ ಬಿಳಿ ಬಟ್ಟೆಯಲ್ಲಿ ತಣ್ಣಗೆ ಕೂತಿರುವಾಗ ಅಕ್ಕ ಒಬ್ಬೊಬ್ಬರು ಒಳಗೆ ಬಂದಾಗಲೂ ಹೊಸದಾಗಿ ಶುರುಮಾಡುತ್ತಿದ್ದರು. ಒಬ್ಬ ಹುಡುಗಿ ತನ್ನ ತಾಯಿಯ ಹಿಂದೆ ಅಡಗಿದಳು. ಎದುರುಮನೆಯ ಗುಜರಾತಿ ಹೆಂಗಸು, ನಾವು ಬೆನ್ ಎಂದು ಕರೆಯುವವರು, ನನ್ನ ಮುಖ ನೋಡಿದರು. ನಾನು ಎದ್ದುಹೋಗಿ ಕಿಟಕಿ ಮುಚ್ಚಿದೆ. ಕೆಳಗೆ ನಿಂತ ಜನಕ್ಕಾದರೂ ಕೇಳಿಸದಿರಲಿ ಎಂದು. ಅಕ್ಕ ಎದೆ ಬಡಿದುಕೊಳ್ಳುತ್ತಿದ್ದರೆ, ಇದು ಯಾವಾಗ ನಿಲ್ಲುತ್ತದೆ ಎಂದೇ ನಾನು ಕಾಯುತ್ತಿದ್ದೆ.

ನಾನು ಮಾತ್ರ ಹಾಗೆ ಹಾಡಿ ಅಳಲಿಲ್ಲ. ಕಣ್ಣೀರು ಬರುತ್ತಿತ್ತು, ಮಾತು ಬರುತ್ತಿರಲಿಲ್ಲ. "ಒಂದರೆ ಮಾತಾಡಿ ಅಳ ತಂಗಿ. ಅಂವಗ ಕೇಳಸ್ತದ," ಎಂದು ಅಕ್ಕ ನನ್ನ ಭುಜ ಹಿಡಿದು ಅಲ್ಲಾಡಿಸಿದರು. ಮಗಳು ಅವರ ಪಕ್ಕದಲ್ಲೇ ಗೋಡೆಗೆ ಒರಗಿ ಕೂತಿರುತ್ತಿದ್ದಳು. ದಿನಕರ್ಮ ಮುಗಿಯುವ ತನಕ ಆ ಜಾಗ ಬಿಟ್ಟು ಅವಳು ಹೆಚ್ಚು ಏಳಲಿಲ್ಲ. ಅಕ್ಕನ ಜೊತೆ ಅವಳೂ ಅಳುತ್ತಿದ್ದಳು, ಮಾತಿಲ್ಲದೆ.

ಚಾಂದ್‌ಖೇಡಾದ ಹಿರಿಯರೂ ಮಾತಾಡಿಸಲು ಬಂದಿದ್ದರು. ಹೊರಡುವಾಗ ನನ್ನನ್ನು ಬಾಗಿಲ ಬಳಿ ಕರೆದರು.

"ಈ ಹೊತ್ನಲ್ಲಿ ಹೇಳ್ಬಾರ್ದು ಕಣಮ್ಮ. ಆದ್ರೆ ಅರ್ಜಿ ತಾರೀಕು ಮುಗ್ದೋಗುತ್ತೆ. ಮಾತೃಭಾಷೆ ಕನ್ನಡ ಅಂತ ಸಂಘದಿಂದ ನಾನು ಬರೆಸಿಕೊಡ್ತೀನಿ. ಅಲ್ಲಿ ಹುಡುಗಿ ನಾಲ್ಕು ಮಾತು ಕನ್ನಡದಲ್ಲಿ ಆಡಿದ್ರೆ ಆಯ್ತು."

ಬೇಡ ಎನ್ನಲು ನನ್ನ ಹತ್ತಿರ ಏನಿತ್ತು? ಬೇಡ ಎಂದವರು ಓವರ್‌ಟೈಮ್ ಮಾಡಿ, ಪಿ.ಎಫ್. ತೆಗೆದು ಫೀ ತುಂಬುವವರಿದ್ದರು; ಈಗ ಆ ಪಿ.ಎಫ್. ಮನೆ ನಡೆಸಲಿಕ್ಕೇ ಬೇಕಿತ್ತು. ನಾನು ಎಸ್ಸೆಸ್ಸೆಲ್ಸಿ ಓದಿದವಳು, ಮನೆಯಲ್ಲಿ ಕೂತು ಸೀರೆಗೆ ಫಾಲ್ ಹಚ್ಚುವವಳು. ಹೂಂ ಎಂದೆ.

ಸ್ಕಾಲರ್‌ಶಿಪ್ಪಿನ ದಾರಿಯೂ ಆಗಲೇ ತೆರೆಯಿತು. ಆದಾಯದ ದಾಖಲೆಗೆ ಮಾಮಲತದಾರರ ಕಚೇರಿಗೆ ಹೋದೆವು. ಕಿಟಕಿಯ ಹಿಂದೆ ಕೂತಿದ್ದ ಗುಮಾಸ್ತ ಒಳ್ಳೆಯವನೇ. ಮನೆಯಲ್ಲಿ ದುಡಿಯುವವರು ಯಾರು ಎಂದು ಗುಜರಾತಿಯಲ್ಲಿ ಕೇಳಿದ. ಈಗ ಯಾರೂ ಇಲ್ಲ ಎಂದೆ. ಸಾವಿನ ದಾಖಲೆ ತಿರುವಿ ನೋಡಿ, "ತೋ ತೋ ಥಈ ಜಶೇ, ಬೆನ್," ಎಂದ. ಹಾಗಿದ್ದರೆ ಆಗಿಹೋಗುತ್ತದೆ ಎಂದು. ನಾನು ಥ್ಯಾಂಕ್ಯೂ ಎಂದೆ. ಹೊರಗೆ ಬಂದು ಕಟ್ಟೆಯ ಮೇಲೆ ಕೂತಾಗ ಮಗಳು ಬೇರೆ ಕಡೆ ಮುಖ ಮಾಡಿದಳು. ಸಂಬಳ ಕಡಿಮೆ ಮಾಡಿಸಿಕೊಳ್ಳಿ ಎಂದು ಅವಳು ಚೇಷ್ಟೆ ಮಾಡಿದ್ದು ಇಬ್ಬರಿಗೂ ನೆನಪಾಗಿತ್ತು. ಇಬ್ಬರೂ ಅದನ್ನು ಬಾಯಿಗೆ ತರಲಿಲ್ಲ. ಅವತ್ತಿಗೂ ಇವತ್ತಿಗೂ.

ಎದುರುಮನೆಯ ಬೆನ್‌ಗೆ ವಿಷಯ ಗೊತ್ತಾಯಿತು. "ತಮೇ ಮೈನಾರಿಟಿ, ಭಾಭಿ?" ಎಂದು ಕಣ್ಣರಳಿಸಿ ನಕ್ಕರು. "ನವರಾತ್ರಿಯಲ್ಲಿ ನಮ್ಮ ಜೊತೆ ಗರಬಾ ಆಡುವಾಗ ಹೇಳಲೇ ಇಲ್ಲ!" ಕೆಟ್ಟ ಮನಸ್ಸಿನಿಂದ ಆಡಿದ ಮಾತಲ್ಲ. ಸಾವಿನ ಮನೆಯಲ್ಲಿ ನನ್ನನ್ನು ನಗಿಸಲು ನೋಡಿದ್ದರು. ಆದರೂ ಅವತ್ತಿನಿಂದ ಮೆಟ್ಟಿಲಿನಲ್ಲಿ ಅವರು ಎದುರಾದರೆ ನನಗೆ ತಲೆ ಎತ್ತಲಾಗುತ್ತಿರಲಿಲ್ಲ. ಬೇಕಾದಾಗ ಇಲ್ಲಿಯವರು, ಬೇಕಾದಾಗ ಹೊರಗಿನವರು ಆಗುವ ಜನ ನಾವು ಎಂದು ಅವರು ಅಂದುಕೊಂಡಿರಬಹುದು. ಅಂದುಕೊಂಡಿಲ್ಲದೆಯೂ ಇರಬಹುದು.

ಅಹಮದಾಬಾದಿಗೆ ಬೆಳಗಿನ ಬಸ್ಸಿನಲ್ಲಿ ಹೋದೆವು. ದಾರಿಯುದ್ದಕ್ಕೂ ಮಗಳು ಫೋನಿನಲ್ಲಿ ಬರೆದುಕೊಂಡದ್ದನ್ನು ತುಟಿಯಲ್ಲೇ ಹೇಳಿಕೊಳ್ಳುತ್ತಿದ್ದಳು. ನನ್ನ ಹೆಸರು ಇಂಥದ್ದು, ನಾನು ಗೋರ್ವಾದಲ್ಲಿ ಇರುತ್ತೇನೆ, ನನಗೆ ಫಾರ್ಮಸಿ ಓದಬೇಕು ಎಂದು. ಅಕ್ಕ ಹೇಳಿಕೊಟ್ಟದ್ದನ್ನು ಹಿಂದಿ ಅಕ್ಷರದಲ್ಲಿ ಬರೆದುಕೊಂಡಿದ್ದಳು. ಕನ್ನಡದ ಅಕ್ಷರ ನಾನು ಅವಳಿಗೆ ಕಲಿಸಿರಲಿಲ್ಲ.

ಕಾಲೇಜಿನ ಮೊಗಸಾಲೆಯ ಬೆಂಚಿನಲ್ಲಿ ಇನ್ನೊಬ್ಬ ತಾಯಿ ಮಗಳು ಕೂತಿದ್ದರು. ನನ್ನ ಮಾತು ಕೇಳಿದ ಕೂಡಲೇ ಆ ತಾಯಿ ಜರುಗಿ ಜಾಗ ಕೊಟ್ಟರು.

"ಕನ್ನಡದವ್ರಾ? ಅಬ್ಬ, ಸಾಕಾಗಿತ್ತು ಮಾರಾಯ್ರೆ, ಬೆಳಗ್ಗಿನಿಂದ ಬಾಯಿ ಮುಚ್ಚಿ ಕೂತು. ನಮ್ದು ಕುಂದಾಪುರದ ಹತ್ರ. ಈಗ ಸೂರತ್ತು. ಮನೆಯವರದ್ದು ಹೋಟ್ಲು."

ಚೀಲದಿಂದ ಡಬ್ಬಿ ತೆಗೆದು ಒಗ್ಗರಣೆ ಅವಲಕ್ಕಿ ಕೊಟ್ಟರು. ನನ್ನ ಬರಿಗೊರಳು ನೋಡಿ ಇನ್ನೊಂದು ಚಮಚ ಹಾಕಿದರು. ಅವರ ಮಗಳು ನನ್ನ ಮಗಳಿಗೆ, "ನೀನು ಯಾವ ಸ್ಕೂಲು? ಹೆದರಿಕೆ ಆಗ್ತಾ ಉಂಟಾ?" ಎಂದು ಕೇಳಿದಳು. ನನ್ನ ಮಗಳು ಹಿಂದಿಯಲ್ಲಿ ಉತ್ತರಿಸಿದಳು. ಆ ತಾಯಿ ನನ್ನ ಕಡೆ ಒಮ್ಮೆ ನೋಡಿದರು. ನಾನು ಅವಲಕ್ಕಿಯನ್ನು ನೋಡಿದೆ.

"ಕನ್ನಡದವರಿಗೆ ಅಂತ ಇಟ್ಟದ್ರಲ್ಲಿ ಇನ್ನು ಒಂದೇ ಸೀಟು ಉಳ್ದದ್ದಂತೆ," ಎಂದರು ಅವರು. "ಮಾರ್ಕ್ಸು ಜಾಸ್ತಿ ಇದ್ದವರಿಗೆ ಮೊದ್ಲು. ಆದ್ರೆ ಭಾಷೆ ಬರ್ಬೇಕು. ಬಾರದಿದ್ರೆ ಮುಂದಿನವ್ರಿಗೆ." ಇಬ್ಬರ ಅಂಕಗಳನ್ನೂ ಹೇಳಿಕೊಂಡೆವು. ನನ್ನ ಮಗಳವು ಹೆಚ್ಚಾಗಿದ್ದವು. "ಹಾಗಾದ್ರೆ ನಿಮ್ದೇ ಆಗ್ತದೆ ಬಿಡಿ," ಎಂದು ಅವರು ನಕ್ಕರು. ಸ್ವಲ್ಪ ಹೊತ್ತಿನ ಮೇಲೆ, "ಮಾತಾಡ್ತಾಳಲ್ಲ ಅವ್ಳು?" ಎಂದರು. ನಾನು ತಲೆ ಆಡಿಸಿದೆ.

ನಮ್ಮನ್ನು ಮೊದಲು ಕರೆದರು. ಮೇಜಿನ ಆಚೆ ಟ್ರಸ್ಟಿನ ಇಬ್ಬರು ಹಿರಿಯರು, ಒಬ್ಬ ಅಧ್ಯಾಪಕಿ. ಹಿರಿಯರಲ್ಲಿ ಒಬ್ಬರು ಕನ್ನಡದವರು, ನಮ್ಮ ಉತ್ತರ ಕರ್ನಾಟಕದ ಕಡೆಯವರೇ. ಕಾಗದಗಳು ಅಧ್ಯಾಪಕಿಯ ಮುಂದಿದ್ದವು. ಹಿರಿಯರು ಅವನ್ನು ನೋಡಿರಲಿಲ್ಲ. ಮಗಳು ಬಾಯಿಪಾಠ ಮಾಡಿದ ಮೂರು ಮಾತು ಒಪ್ಪಿಸಿದಳು. ನಾನು ಗೋಡೆಯ ಬದಿಯ ಕುರ್ಚಿಯಲ್ಲಿ ಕೂತಿದ್ದೆ.

"ಮನ್ಯಾಗ ಕನ್ನಡ ಮಾತಾಡತೀರೇನವ್ವಾ?" ಎಂದು ಕನ್ನಡದ ಹಿರಿಯರು ಕೇಳಿದರು.

"ಹಾ. ಪಪ್ಪಾ ಜೊತಿ."

"ಏನ ಮಾಡತಾರ ನಿಮ್ಮ ಪಪ್ಪಾ?"

ಮಗಳು ನನ್ನ ಕಡೆ ತಿರುಗಿದಳು. ಆಮೇಲೆ ಮೇಜಿನ ಕಡೆ ತಿರುಗಿ ಹೇಳತೊಡಗಿದಳು.

"ನಮ್ಮಪ್ಪ ಡ್ಯೂಟಿಗಂತ ಹೋದಾಂವ ತಿರುಗಿ ಬರಲಿಲ್ರಿ. ಕಟ್ಟಿಕೊಟ್ಟ ಬುತ್ತಿ ಬಿಚ್ಚಿ ಉಣಲಿಲ್ರಿ. ನಮ್ಮವ್ವ ಬಾಯಿಲ್ಲದಾಕಿ. ನಂದು ರೆಕ್ಕಿ ಬಲತಿಲ್ರಿ. ನಮ್ಮನ ಪರದೇಶಿ ಮಾಡಿ ಹೋದರ್ರಿ."

ತಡೆಯದೆ, ತಡವರಿಸದೆ ಹೇಳಿದಳು. ದನಿ ಸಹ ಅಕ್ಕನದೇ. ಎಲ್ಲಿ ಏರಬೇಕೋ ಅಲ್ಲಿ ಏರಿತು, ಎಲ್ಲಿ ಎಳೆಯಬೇಕೋ ಅಲ್ಲಿ ಎಳೆಯಿತು. ಬುತ್ತಿಯ ಮಾತು ಕಂಪನಿಯ ಜನ ಬಂದಾಗ ಅಕ್ಕ ಮತ್ತೆ ಅತ್ತದ್ದು, ರೆಕ್ಕೆಯ ಮಾತು ಅವಳ ಶಾಲೆಯ ಟೀಚರು ಬಂದಾಗ ಅತ್ತದ್ದು ಎಂದು ನಾನು ಒಂದೊಂದನ್ನೂ ಗುರುತಿಸುತ್ತಾ ಹೋದೆ. ನಾನು ಕಿಟಕಿ ಮುಚ್ಚಿ ಒಳಗೆ ಇಟ್ಟುಕೊಂಡ ಮಾತುಗಳು. ಬಾಯಿಲ್ಲದಾಕಿ ಎಂದಾಗ ಮೂವರೂ ನನ್ನನ್ನು ನೋಡಿದರು. ನಾನು ಸೆರಗು ಎಳೆದುಕೊಂಡು ನೆಲ ನೋಡಿದೆ. ಮಗಳ ಕಣ್ಣಿಂದ ನೀರು ಸುರಿಯುತ್ತಿತ್ತು. ಅದು ನಿಜವಾದ ಅಳು. ಅದರಲ್ಲಿ ನನಗೆ ಈಗಲೂ ಅನುಮಾನವಿಲ್ಲ.

ಹಿರಿಯರು ಕನ್ನಡಕ ತೆಗೆದು ಮೇಜಿನ ಮೇಲೆ ಇಟ್ಟರು. "ಸಾಕವ್ವಾ, ಸಾಕು," ಎಂದರು. ಉಳಿದಿಬ್ಬರಿಗೆ ಇಂಗ್ಲಿಷಿನಲ್ಲಿ ಏನೋ ಹೇಳಿ, ಮತ್ತೆ ನನ್ನ ಕಡೆ ತಿರುಗಿದರು. "ನಮ್ಮವ್ವ ಹಿಂಗ ಅಳತಿದ್ದಳ್ರಿ. ಈ ಮಾತು ಕಿವಿಗೆ ಬಿದ್ದು ಭಾಳ ವರ್ಷ ಆಗಿತ್ತು. ಈ ಊರಾಗ ಹುಟ್ಟಿದ ಹುಡುಗಿಗೆ ಇಷ್ಟು ಛಲೋ ಕನ್ನಡ ಕಲಿಸೀರಿ."

ಇಲ್ಲ, ನಾನು ಕಲಿಸಿಲ್ಲ ಎಂದು ಹೇಳಬೇಕಿತ್ತೋ ಏನೋ. ಬಾಯಿಲ್ಲದಾಕಿ ಎಂದು ಹೆಸರು ಬಂದಿತ್ತು, ಅದನ್ನೇ ಉಳಿಸಿಕೊಂಡೆ. ಕೈ ಮುಗಿದು ಎದ್ದೆ.

ಹೊರಗೆ ಬಂದಾಗ ಸೂರತ್ತಿನ ಹುಡುಗಿ ಒಳಗೆ ಹೋದಳು. ಅವಳ ಮಾತು ಬಾಗಿಲಿನಿಂದ ಕೇಳಿಸುತ್ತಿತ್ತು. ಅಪ್ಪನ ಹೋಟೆಲಿನಲ್ಲಿ ಗಿರಾಕಿಗಳು ಸಾಂಬಾರಿಗೆ ಸಕ್ಕರೆ ಕೇಳುತ್ತಾರೆ ಎಂದು ಏನೋ ಹೇಳಿದಳು. ಒಳಗಿನವರು ನಕ್ಕರು. ಕೇಳಿದ್ದಕ್ಕೆಲ್ಲ ಉತ್ತರ, ಉತ್ತರಕ್ಕೆ ಮರುಮಾತು. ಮನೆಯಲ್ಲಿ ದಿನಾ ಆಡುವ ಕನ್ನಡ. ಅವಳ ತಾಯಿ ನನ್ನ ಮಗಳ ಕೆಂಪಾದ ಕಣ್ಣು ನೋಡಿ, ಅವಳ ಬೆನ್ನು ಸವರಿ, "ಆಗ್ತದೆ, ಮಗಾ, ಎಲ್ಲ ಒಳ್ಳೇದಾಗ್ತದೆ," ಎಂದರು. ಹೊರಡುವಾಗ ನನ್ನ ನಂಬರು ತೆಗೆದುಕೊಂಡರು.

ವಡೋದರಾದ ಬಸ್ಸು ಅಹಮದಾಬಾದ್ ದಾಟಿತು. ಆಮೇಲೆ ಮಗಳು, "ಮಮ್ಮಿ, ಮೈನೇ ಚೀಟಿಂಗ್ ಕಿಯಾ ಕ್ಯಾ?" ಎಂದಳು.

"ಯಾಕ ಹಂಗ ಅಂತಿ?"

"ಘರ್ ಮೇ ಇತ್ನೇ ದಿನ್ ವಹೀ ಸುನಾ. ಔರ್ ಕನ್ನಡ ಮುಝೇ ಆತೀ ಕಹಾಂ ಹೈ?" ಮನೆಯಲ್ಲಿ ಇಷ್ಟು ದಿನ ಕೇಳಿದ್ದು ಅದೇ ತಾನೆ, ಬೇರೆ ಕನ್ನಡ ನನಗೆ ಎಲ್ಲಿ ಬರುತ್ತದೆ ಎಂದು.

ನಾನು ಅವಳ ಕೈ ಹಿಡಿದುಕೊಂಡೆ. ಅದು ಮೋಸವಲ್ಲ. ಅವಳು ಹೇಳಿದ್ದರಲ್ಲಿ ಒಂದು ಸುಳ್ಳೂ ಇರಲಿಲ್ಲ. ಹಾಗೆಂದು ಅವಳಿಗೆ ಹೇಳಿದೆ. ಹೇಳುವಾಗ ನನಗೆ ನಾಚಿಕೆಯಾಗುತ್ತಿತ್ತು, ಯಾರ ಬಗ್ಗೆ ಎಂದು ಗೊತ್ತಾಗಲಿಲ್ಲ. ಅವಳ ಬಗ್ಗೆ ಅಲ್ಲ. ನನ್ನ ಗಂಡನ ಸಾವಿಗೆ ಅಕ್ಕ ಹಾಡಿ ಅತ್ತ ಮಾತುಗಳು ಒಂದು ಮೇಜಿನ ಮುಂದೆ ಪರೀಕ್ಷೆಗೆ ನಿಂತು ಪಾಸಾಗಿದ್ದವು.

ಸೀಟು ಸಿಕ್ಕಿದೆ ಎಂದು ಫೋನಿಗೆ ಸಂದೇಶ ಬಂದಾಗ ನಾನು ಒಂದು ಸೀರೆಗೆ ಫಾಲ್ ಹಚ್ಚುತ್ತಿದ್ದೆ. ಸಂತೋಷವಾಯಿತು. ಬರೆದುಬಿಡುತ್ತೇನೆ, ಬಹಳ ಸಂತೋಷವಾಯಿತು. ಎದ್ದುಹೋಗಿ ಡಬ್ಬಿಯಿಂದ ಸಕ್ಕರೆ ತೆಗೆದು ಮಗಳ ಬಾಯಿಗೆ ಹಾಕಿ, ನನ್ನ ಬಾಯಿಗೂ ಹಾಕಿಕೊಂಡೆ. ಅವರು ಹೋಗಿ ಇನ್ನೂ ಮಾಸಿಕದ ಪೂಜೆಯೂ ಆಗಿರಲಿಲ್ಲ. ಫೋಟೋದ ಮುಂದೆಯೇ ನಿಂತಿದ್ದೇನೆಂದು ಆಮೇಲೆ ಗೊತ್ತಾಯಿತು. ಬಾಯಲ್ಲಿದ್ದ ಸಕ್ಕರೆಯನ್ನು ಉಗುಳಲೂ ಆಗಲಿಲ್ಲ. ಸ್ಕಾಲರ್‌ಶಿಪ್ಪೂ ಮಂಜೂರಾಯಿತು. ಅವರು ಇದ್ದಿದ್ದರೆ ಎರಡೂ ನಮಗೆ ಬರುತ್ತಿರಲಿಲ್ಲ. ಈ ಮಾತನ್ನು ನಾನು ಮನಸ್ಸಿನಿಂದ ಎಷ್ಟು ದೂರ ತಳ್ಳಿದರೂ, ಫೀ ತುಂಬುವ ಹೊತ್ತು ಬಂದಾಗಲೆಲ್ಲ ಅದು ಬಂದು ಎದುರು ನಿಲ್ಲುತ್ತದೆ.

ಸೂರತ್ತಿನ ತಾಯಿ ಫೋನ್ ಮಾಡಿದರು.

"ನಿಮ್ಮ ಮಗಳದ್ದು ಆಯ್ತಂತಲ್ಲ! ಕಾಲೇಜಿನವ್ರು ಹೇಳಿದ್ರು. ಒಳ್ಳೇದಾಯ್ತು. ನಮ್ದು ಇಲ್ಲೇ ಸೂರತ್ತಲ್ಲಿ ಬಿ.ಎಸ್ಸಿಗೆ ಹಾಕಿದ್ದು."

"ನಿಮ್ಮ ಮಗಳ ಕನ್ನಡ ಭಾಳ ಛಲೋ ಐತ್ರಿ," ಎಂದೆ.

"ಕನ್ನಡ ಎಂತ ಮಾಡ್ಲಿಕ್ಕೆ ಮಾರಾಯ್ರೆ, ಮಾರ್ಕ್ಸು ಬೇಕಲ್ಲ," ಎಂದು ಅವರು ನಕ್ಕರು. ನಿಜವಾಗಿ ನಕ್ಕರು. ಮನಸ್ಸಿನಲ್ಲಿ ಏನನ್ನೂ ಇಟ್ಟುಕೊಳ್ಳದ ಹೆಂಗಸು. ಅವರು ಒಂದು ಕೊಂಕು ಮಾತಾದರೂ ಆಡಿದ್ದರೆ ನನಗೆ ಹಗುರಾಗುತ್ತಿತ್ತು.

ಮಗಳು ಈಗ ಅಹಮದಾಬಾದಿನ ಹಾಸ್ಟೆಲಿನಲ್ಲಿದ್ದಾಳೆ, ಚೆನ್ನಾಗಿ ಓದುತ್ತಾಳೆ. ಕಾಲೇಜಿನಲ್ಲಿ ಕನ್ನಡದ ಹಬ್ಬ ಮಾಡಿದಾಗ ಟ್ರಸ್ಟಿನ ಆ ಕನ್ನಡದ ಹಿರಿಯರು ಇವಳನ್ನು ವೇದಿಕೆಗೆ ಕರೆದು ಎರಡು ಮಾತು ಆಡು ಎಂದರಂತೆ. ಗಂಟಲು ನೋವು ಎಂದು ತಪ್ಪಿಸಿಕೊಂಡಳಂತೆ. ಫೋನಿನಲ್ಲಿ ಅವಳೇ ಇದನ್ನು ಹೇಳಿದಳು. ಕಲಿಯುತ್ತೀಯಾ ಎಂದು ಕೇಳಿದೆ. ರಜೆಗೆ ಬಂದಾಗ ಅಕ್ಷರದಿಂದ ಶುರುಮಾಡಿದ್ದೇವೆ. ಬಾಯಿಯ ಮಾತು ಇನ್ನೂ ಹಿಂದಿಯೇ.

ವರ್ಷದ ಕಾರ್ಯಕ್ಕೆ ಅಕ್ಕ ಮತ್ತೆ ಬಂದರು. ಸೀಟು ಹೇಗೆ ಸಿಕ್ಕಿತೆಂದು ಮಗಳೇ ಅವರಿಗೆ ಹೇಳಿದ್ದಳು. ಅವರಿಗೆ ನಾಚಿಕೆಯೇನೂ ಆಗಲಿಲ್ಲ. "ನನ್ನ ತಮ್ಮನೇ ಕೊಡಿಸ್ಯಾನ ತಗೋ," ಎಂದರು. ಎಡೆ ಇಡುವಾಗ ಅವರು ಅತ್ತರು. ಈ ಸಲ ನಾನು ಕಿಟಕಿ ಮುಚ್ಚಲಿಲ್ಲ. ಅತ್ತು ಮುಗಿಸಿ, ಮೂಗು ಒರೆಸಿಕೊಂಡು, "ಇನ್ನ ನೀನೂ ಒಂದು ಮಾತಾಡ ತಂಗಿ," ಎಂದು ಪಕ್ಕಕ್ಕೆ ಸರಿದು ನನಗೆ ಜಾಗ ಬಿಟ್ಟರು.

ನಾನು ಕೂತೆ. ಡ್ಯೂಟಿಗಂತ ಹೋದಾಂವ ಎನ್ನುವುದೇ ಬಾಯಿಗೆ ಬಂತು. ಅದು ಮೇಜಿನ ಮುಂದೆ ಹೋಗಿ ಬಂದ ಮಾತು. ಅದನ್ನು ಅವರ ಮುಂದೆ ಆಡಲು ಮನಸ್ಸಾಗಲಿಲ್ಲ. ಬೇರೆ ಮಾತು ಹುಡುಕಿದೆ. ಎಡೆಯ ಅನ್ನ ಆರುವವರೆಗೆ ಕೂತಿದ್ದು ಎದ್ದೆ.

ಅವರನ್ನು ಕರೆದು ಅಳಲು ನನ್ನದೇ ಆದ ಒಂದು ಮಾತು ನನಗೆ ಇನ್ನೂ ಸಿಕ್ಕಿಲ್ಲ.